ಕನ್ನಂಬಾಡಿ ಕಟ್ಟೆಯಲ್ಲಿ ಒಂದು ಕುರಿಮರಿ

ಮುಂಗಾರು ಕಾಲಿಟ್ಟ ಮೇಲೆ ಮಂಡ್ಯ ಸೀಮೆಯಲ್ಲಿ ಇಬ್ಬರು ಎದುರಾದರೆ ಮೊದಲ ಮಾತು ಒಂದೇ: ‘ಕಟ್ಟೆ ಎಷ್ಟಕ್ಕೆ ಬಂತು?’ ಯಾವ ಕಟ್ಟೆ ಎಂದು ಯಾರೂ ಕೇಳುವುದಿಲ್ಲ. ಕೃಷ್ಣರಾಜಸಾಗರದ, ಅಂದರೆ ನಮ್ಮ ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ ಎಂಬುದು ಮದ್ದೂರು, ಮಳವಳ್ಳಿಯ ಶಾಲೆ ಮಕ್ಕಳಿಗೂ ಬಾಯಿಪಾಠ. ಅಷ್ಟು ತುಂಬಿದಾಗ ಅದರಲ್ಲಿರುವ ನೀರು 49.45 ಟಿಎಂಸಿ, ಅಂದರೆ 140 ಕೋಟಿ ಘನ ಮೀಟರ್. ಲೀಟರಿಗೆ ಇಳಿಸಿದರೆ 1 ಲಕ್ಷದ 40 ಸಾವಿರ ಕೋಟಿ ಲೀಟರ್. ನಮ್ಮ ಕಡೆಯವರಿಗೆ ದೊಡ್ಡ ನೀರು ಎಂದರೆ ಇದೇ. ಹಾಗಾಗಿ ಸಮುದ್ರದ ಲೆಕ್ಕವನ್ನೂ ನಾನು ಇದೇ ಕೊಳಗದಲ್ಲಿ ಅಳೆಯುತ್ತೇನೆ.

ಕನ್ನಂಬಾಡಿಯ ಕಾವೇರಿ ನೀರನ್ನೆಲ್ಲ ಹರಿಯಬಿಟ್ಟು, ಕಟ್ಟೆಯ ತುಂಬ ಸಮುದ್ರದ ಮೇಲ್ನೀರು ತುಂಬಿದೆವು ಎಂದುಕೊಳ್ಳಿ. ಒಮ್ಮೆ 1750ರ ಸುಮಾರಿನ ನೀರು, ಇನ್ನೊಮ್ಮೆ ನಮ್ಮ ಕಾಲದ ನೀರು. ಕಲ್ಲಿದ್ದಲು ಉರಿಯತೊಡಗಿದಾಗಿನಿಂದ ಸಮುದ್ರದ ಮೇಲ್ನೀರಿನ ರಸಸಾರ 8.2ರಿಂದ 8.1ಕ್ಕೆ ಇಳಿದಿದೆ. ರಸಸಾರ ಎಂದರೆ ವಿಜ್ಞಾನಿಗಳು ಪಿಎಚ್ ಎನ್ನುವ ಅಳತೆ. ಅದನ್ನು ನಿರ್ಧರಿಸುವುದು ನೀರಿನಲ್ಲಿ ಬಿಡಿಯಾಗಿ ಓಡಾಡುವ ಹೈಡ್ರೋಜನ್ ಅಯಾನುಗಳು. ಹುಣಿಸೆಹಣ್ಣು, ನಿಂಬೆಹಣ್ಣು ನಾಲಿಗೆಗೆ ಹುಳಿ ಎನಿಸುವುದು ಇವುಗಳಿಂದಲೇ. ಹಳೆಯ ನೀರು ತುಂಬಿದ ಕಟ್ಟೆಯಲ್ಲಿದ್ದ ಅಷ್ಟೂ ಅಯಾನುಗಳನ್ನು ಹೆಕ್ಕಿ ತಕ್ಕಡಿಗೆ ಹಾಕಿದರೆ 8.8 ಕೆ.ಜಿ. ಹೊಸ ನೀರಿನ ಕಟ್ಟೆಯಲ್ಲಿ 11.1 ಕೆ.ಜಿ. ವ್ಯತ್ಯಾಸ 2.3 ಕೆ.ಜಿ.

ಈ ಲೆಕ್ಕವನ್ನು ನಾನು ಮೂರು ಸಲ ಮಾಡಿ ನೋಡಿದೆ. ಒಂದು ಕನ್ನಂಬಾಡಿ ಕಟ್ಟೆಗೆ ಎರಡೂಕಾಲು ಕೆ.ಜಿ.ಗೆ ತುಸು ಹೆಚ್ಚು, ಅಷ್ಟೇ.

ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಕುರಿಯಿಂದ ನಾಡಿಗೆಲ್ಲ ಗೊತ್ತು. ಗಿಡ್ಡ ಕಾಲು, ಉರುಳೆಯಂಥ ಮೈ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಲಾಳದಂತೆ ಕಾಣುವ ತೊಡೆ. ಆ ತಳಿಯ ಮರಿ ಹುಟ್ಟಿದಾಗ ಹೆಚ್ಚುಕಡಿಮೆ ಎರಡು ಕೆ.ಜಿ. ತೂಗುತ್ತದೆ. ಇಡೀ ಕಟ್ಟೆಯ ನೀರಿಗೆ ಒಂದು ಬಂಡೂರು ಮರಿಯ ತೂಕ ಸೇರಿದೆ. ಜಗತ್ತಿನ ಸಮುದ್ರ ವಿಜ್ಞಾನಿಗಳ ನಿದ್ದೆ ಕೆಡಿಸಿರುವುದು ಇಷ್ಟು ಚಿಕ್ಕ ತೂಕ.

ಬೊಟ್ಟಿನಷ್ಟು ಬದಲಾವಣೆ ಎಂದು ಕೈಬಿಡುವ ಮುಂಚೆ ಈ ಅಳತೆಯ ಗುಟ್ಟು ತಿಳಿಯಬೇಕು. ಮಂಡ್ಯದ ರೈತರಿಗೆ ರಸಸಾರ ಹೊಸದಲ್ಲ. ನಾಲೆ ಬಯಲಿನಲ್ಲಿ ನೀರು ನಿಂತು ಚೌಳಾದ ಗದ್ದೆಯ ಮಣ್ಣನ್ನು ಪರೀಕ್ಷೆಗೆ ಕೊಟ್ಟವರಿಗೆ 8.5 ದಾಟಿದರೆ ಏನರ್ಥ ಎಂದು ಗೊತ್ತು. ಜಿಪ್ಸಂ ಎರಚದೆ ಬೇರೆ ದಾರಿಯಿಲ್ಲ. ಆದರೆ 8.2 ಮತ್ತು 8.1ರ ನಡುವಿನ ಅಂತರ ಸೇರು ಪಾವಿನ ಅಂತರದ ಹಾಗಲ್ಲ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಎಂಬ ರಸಾಯನಶಾಸ್ತ್ರಜ್ಞ ಈ ಅಳತೆ ತಂದಾಗ ಅದನ್ನು ಹತ್ತರ ಮಡಿಯಲ್ಲಿ ಜೋಡಿಸಿದ. ಒಂದು ಅಂಕ ಇಳಿದರೆ ಅಯಾನುಗಳು ಹತ್ತು ಪಟ್ಟು. 0.1 ಇಳಿದರೆ ನೂರಕ್ಕೆ 26ರಷ್ಟು ಹೆಚ್ಚು. ನಮ್ಮ ರಕ್ತದ ರಸಸಾರ 7.35ರಿಂದ 7.45ರ ಒಳಗಿರಬೇಕು. ಆ ಗಡಿಯಿಂದ 0.1 ಕೆಳಗಿಳಿದ ರೋಗಿಯನ್ನು ವೈದ್ಯರು ಮನೆಗೆ ಕಳಿಸುವುದಿಲ್ಲ.

ಇನ್ನೊಂದು ಬಗೆಯಲ್ಲಿ ನೋಡೋಣ. ಸಮುದ್ರದ ನೀರಿನಲ್ಲಿ ಈ ಅಯಾನು ತೀರಾ ಅಪರೂಪದ ಪ್ರಾಣಿ. 1750ರ ನೀರಿನಲ್ಲಿ 880 ಕೋಟಿ ನೀರಿನ ಅಣುಗಳ ನಡುವೆ ಒಂದು ಅಯಾನು ಇತ್ತು. ಇಂದು ಭೂಮಿಯ ಮೇಲಿರುವ ಜನ 800 ಕೋಟಿಗೆ ತುಸು ಹೆಚ್ಚು. ಜಗತ್ತಿನ ಎಲ್ಲ ಜಾತ್ರೆಗಳ ಜನ ಒಂದೆಡೆ ನೆರೆದಾಗ ಅವರ ನಡುವೆ ಒಬ್ಬನೇ ಒಬ್ಬ! ಈಗ ಆ ಲೆಕ್ಕ 700 ಕೋಟಿಗೆ ಒಂದು ಎಂದಾಗಿದೆ. ಆದರೂ ನೀರಿನ ಅಣು ಎಷ್ಟು ಚಿಕ್ಕದೆಂದರೆ, ಒಂದು ಲೀಟರ್ ಸಮುದ್ರ ನೀರಿನಲ್ಲಿ ಹೊಸದಾಗಿ ಸೇರಿದ ಅಯಾನುಗಳ ಸಂಖ್ಯೆ ಹತ್ತು ಕೋಟಿ ಕೋಟಿ. ಒಂದು ಚೊಂಬಿನಲ್ಲಿ ಅಷ್ಟು. ತೂಗಿದರೆ ಇಡೀ ಕಟ್ಟೆಗೆ ಒಂದು ಮರಿ. ಎಣಿಸಿದರೆ ಚೊಂಬಿಗೇ ಲೆಕ್ಕ ತಪ್ಪುತ್ತದೆ.

ಸಮುದ್ರ ಹುಳಿಯಾಗಿಬಿಟ್ಟಿದೆ ಎಂದು ಯಾರೂ ತಿಳಿಯಬಾರದು. ಅದು ಇಂದಿಗೂ ಕ್ಷಾರದ ಕಡೆಯೇ ಇದೆ. ನಮ್ಮ ಹೆಂಗಸರು ಆರತಿಗೆ ಓಕುಳಿ ಕದಡುತ್ತಾರಲ್ಲ, ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದೊಡನೆ ಕೆಂಪಾಗುತ್ತದಲ್ಲ, ಅದು ರಸಸಾರದ ಪರೀಕ್ಷೆಯೇ. ಅರಿಸಿನದ ಬಣ್ಣ ಹಳದಿಯಿಂದ ಕೆಂಪಿಗೆ ತಿರುಗುವುದು ಸಮುದ್ರದ ರಸಸಾರ ಬೀಳುವ ವಲಯದ ಆಸುಪಾಸಿನಲ್ಲೇ. ಅದೇ ತಟ್ಟೆಗೆ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಸಮುದ್ರದ ರಸಸಾರವನ್ನು ಅತ್ಯಂತ ನಿಖರವಾಗಿ ಅಳೆಯುವವರೂ ಮಾಡುವುದು ಇದನ್ನೇ. ಮೆಟಾ ಕ್ರೆಸಾಲ್ ಪರ್ಪಲ್ ಎಂಬ ಬಣ್ಣವನ್ನು ನೀರಿಗೆ ಬೆರೆಸಿ, ಅದು ಹಳದಿಯ ಕಡೆ ಎಷ್ಟು, ನೇರಳೆಯ ಕಡೆ ಎಷ್ಟು ವಾಲಿದೆ ಎಂದು ಬೆಳಕು ಹಾಯಿಸಿ ನೋಡುತ್ತಾರೆ. ಓಕುಳಿಯ ಕೆಂಪನ್ನು ಸಾವಿರದಲ್ಲಿ ಒಂದು ಪಾಲಿನವರೆಗೆ ಓದಿದ ಹಾಗೆ.

ಇನ್ನು ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ ಲೆಕ್ಕಕ್ಕೆ ಬರುತ್ತೇನೆ. ಆ 2.3 ಕೆ.ಜಿ. ಹುಟ್ಟಲು ಕಟ್ಟೆಯ ನೀರು ಗಾಳಿಯಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಕುಡಿಯಬೇಕಾಯಿತು? ಸುಮಾರು ಮೂರೂವರೆ ಸಾವಿರ ಟನ್. ಟನ್ನುಗಟ್ಟಲೆ ಅನಿಲ ಒಳಗೆ ಹೋದರೂ ಹೊರಗೆ ಕಾಣುವುದು ಕುರಿಮರಿಯ ತೂಕ ಮಾತ್ರ. ಒಳಗೆ ಹೋದ 35 ಸಾವಿರ ಅಣುಗಳಿಗೆ ಒಂದರಂತೆ ಅಯಾನು ಬಿಡಿಯಾಗಿ ಉಳಿದಿದೆ. ಉಳಿದವು ಎಲ್ಲಿ ಹೋದವು?

ಅನಿಲ ನೀರಿಗೆ ಸೇರಿದೊಡನೆ ಕಾರ್ಬಾನಿಕ್ ಆಮ್ಲವಾಗುತ್ತದೆ, ನಾವು ಕುಡಿಯುವ ಗೋಲಿ ಸೋಡಾದಲ್ಲಿ ಇರುವುದೇ ಅದು. ಆಮ್ಲ ಒಡೆದು ಹೈಡ್ರೋಜನ್ ಅಯಾನು ಹೊರಬಂದ ಕೂಡಲೇ ಸಮುದ್ರದಲ್ಲಿ ಕರಗಿರುವ ಕಾರ್ಬೊನೇಟ್ ಅದನ್ನು ಹಿಡಿದು ನುಂಗುತ್ತದೆ, ತಾನು ಬೈಕಾರ್ಬೊನೇಟ್ ಆಗಿ ಬದಲಾಗುತ್ತದೆ. ರಸಸಾರ ಅಷ್ಟು ಕಡಿಮೆ ಇಳಿದಿರುವುದು ಈ ಕಾವಲುಗಾರನಿಂದ. ಆದರೆ ಒಂದು ಅಯಾನು ನುಂಗಿದ ಕಾರ್ಬೊನೇಟ್ ಅಲ್ಲಿಗೆ ಖರ್ಚಾಯಿತು. ಕೈಗಾರಿಕಾ ಯುಗದ ಹಿಂದಿನದಕ್ಕೆ ಹೋಲಿಸಿದರೆ ಸಮುದ್ರದ ಮೇಲ್ನೀರಿನ ಕಾರ್ಬೊನೇಟಿನಲ್ಲಿ ಸುಮಾರು ಆರನೇ ಒಂದು ಪಾಲು ಹೀಗೆ ಹೋಗಿದೆ. ಕನ್ನಂಬಾಡಿಯ ಕೊಳಗದಲ್ಲಿ ಹೇಳುವುದಾದರೆ ಸುಮಾರು ಮೂರು ಸಾವಿರ ಟನ್. ಕಣ್ಣಿಗೆ ಬೀಳುವ ಏರಿಕೆ 2.3 ಕೆ.ಜಿ.; ಅದನ್ನು ಅಷ್ಟಕ್ಕೇ ನಿಲ್ಲಿಸಲು ಸಮುದ್ರ ತೆತ್ತ ಬೆಲೆ ಮೂರು ಸಾವಿರ ಟನ್. 0.1 ಎಂಬ ಪುಟ್ಟ ಅಂಕಿ ಈ ಖರ್ಚನ್ನು ಮುಚ್ಚಿಟ್ಟಿದೆ. ಆ ಅಂಕಿಯನ್ನು ಮಾತ್ರ ನೋಡಿ ‘ಇಷ್ಟೇ ತಾನೆ’ ಎನ್ನುವವರು, ಸಾಲ ಎಷ್ಟೆಂದು ಕೇಳದೆ ಮದುವೆ ಚೆನ್ನಾಗಿ ಆಯಿತು ಎನ್ನುವವರ ಹಾಗೆ.

ಕಾರ್ಬೊನೇಟ್ ಹೋದರೆ ಹೋಗಲಿ ಎನ್ನುವಂತಿಲ್ಲ. ಅದು ಕ್ಯಾಲ್ಸಿಯಂ ಜೊತೆ ಕೂಡಿದರೆ ಸುಣ್ಣದ ಕಲ್ಲು. ಕಪ್ಪೆಚಿಪ್ಪು, ಶಂಖ, ಹವಳ, ಮೊಟ್ಟೆಯ ಓಡು ಎಲ್ಲ ಅದೇ. ವೀಳ್ಯದೆಲೆಗೆ ಸವರಲು ಹಳಬರು ಮೆಚ್ಚುತ್ತಿದ್ದದ್ದು ಚಿಪ್ಪು ಸುಟ್ಟು ಮಾಡಿದ ನುಣುಪು ಸುಣ್ಣವನ್ನು. 100 ಕೆ.ಜಿ. ಚಿಪ್ಪು ಸುಟ್ಟರೆ ಉಳಿಯುವ ಸುಣ್ಣ 56 ಕೆ.ಜಿ.; ಬಾಕಿ 44 ಕೆ.ಜಿ. ಅದೇ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ನಮ್ಮ ಕನ್ನಂಬಾಡಿ ಕಟ್ಟೆ ಕೂಡ ಸುಣ್ಣದ ಮೇಲೆ ನಿಂತಿದೆ. 1911ರಲ್ಲಿ ಕೆಲಸ ಶುರುವಾದ ಆ ಅಣೆಕಟ್ಟಿನ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸಿಮೆಂಟಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ. ಕಾವೇರಿಯನ್ನು ನಾವು ಸುಣ್ಣದಿಂದ ಹಿಡಿದಿಟ್ಟೆವು. ಚಿಪ್ಪಿನ ಹುಳು ತನ್ನ ಜೀವವನ್ನು ಸುಣ್ಣದಿಂದ ಹಿಡಿದಿಟ್ಟುಕೊಳ್ಳುತ್ತದೆ. ಗಾರೆ ಕಲಸಲು ಸುಣ್ಣ ಆರರಲ್ಲಿ ಒಂದು ಪಾಲು ಕಡಿಮೆ ಬಂದರೆ ಮೇಸ್ತ್ರಿಗೆ ಏನಾಗುತ್ತದೋ ಅದೇ ಕಷ್ಟ ಈಗ ಆ ಹುಳುವಿಗೆ.

ಸಮುದ್ರ ಎಷ್ಟು ಕಟ್ಟೆ ನೀರು? ಜಗತ್ತಿನ ಸಾಗರಗಳಲ್ಲಿರುವ ನೀರು ಸುಮಾರು 133 ಕೋಟಿ ಘನ ಕಿಲೋಮೀಟರ್. ಅಂದರೆ 95 ಕೋಟಿ ಕನ್ನಂಬಾಡಿ. ಮೇಲಿನ ನೂರು ಮೀಟರ್ ಪದರವನ್ನಷ್ಟೇ ತೆಗೆದುಕೊಂಡರೂ ಎರಡೂವರೆ ಕೋಟಿ ಕನ್ನಂಬಾಡಿ ಮೀರುತ್ತದೆ. ಇಷ್ಟು ನೀರಿನ ಗುಣವನ್ನು ಬದಲಿಸಲು ಮನುಷ್ಯರಿಂದ ಆದೀತೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗಿದೆ. ಈವರೆಗೆ ನಮ್ಮ ಹೊಗೆಯಿಂದ ಸಾಗರಗಳು ಕುಡಿದದ್ದು ಸುಮಾರು 65 ಸಾವಿರ ಕೋಟಿ ಟನ್. ಈಗಲೂ ವರ್ಷಕ್ಕೆ ಸುಮಾರು ಸಾವಿರ ಕೋಟಿ ಟನ್ ಕುಡಿಯುತ್ತಿವೆ, ನಾವು ಗಾಳಿಗೆ ಬಿಡುವುದರ ಕಾಲು ಭಾಗ. ಒಂದು ಸೆಕೆಂಡಿಗೆ 300 ಟನ್ನಿಗೂ ಹೆಚ್ಚು. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ರಸ್ತೆಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ನೆನೆಯಿರಿ. ಲಾರಿಗೆ 15 ಟನ್ ಎಂದಿಟ್ಟುಕೊಂಡರೆ, ಕಣ್ಣು ರೆಪ್ಪೆ ಬಡಿದು ತೆರೆಯುವಷ್ಟರಲ್ಲಿ ಐದಾರು ಲಾರಿ ಸಮುದ್ರದೊಳಕ್ಕೆ ಇಳಿದಿರುತ್ತವೆ. ಸೆಕೆಂಡು ಮುಗಿಯುವಷ್ಟರಲ್ಲಿ 20.

ಇದರಲ್ಲಿ ನಮ್ಮ ಪಾಲೂ ಇದೆ. ಬಂಡೂರಿನಿಂದ ಅರಬ್ಬಿ ಸಮುದ್ರಕ್ಕೆ ನೇರ ಗೆರೆ ಎಳೆದರೆ 180 ಕಿ.ಮೀ. ಆಸುಪಾಸು, ನಡುವೆ ಇಡೀ ಸಹ್ಯಾದ್ರಿ. ಆದರೆ ಹೊಗೆಗೆ ಘಟ್ಟ ಅಡ್ಡವಲ್ಲ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇದು ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಅದರ ಕಾಲು ಭಾಗ ಸಮುದ್ರ ಸೇರುವುದಾದರೆ ಒಬ್ಬರಿಗೆ ದಿನಕ್ಕೆ 1.4 ಕೆ.ಜಿ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನ 18 ಲಕ್ಷ. ದೇಶದ ಸರಾಸರಿಯನ್ನೇ ಹಿಡಿದರೆ ಜಿಲ್ಲೆಯ ಪಾಲು ದಿನಕ್ಕೆ 2,500 ಟನ್. ಒಂದು ಕನ್ನಂಬಾಡಿ ಸಮುದ್ರದ ನೀರನ್ನು 8.2ರಿಂದ 8.1ಕ್ಕೆ ಇಳಿಸಲು ಬೇಕಾದದ್ದು ಮೂರೂವರೆ ಸಾವಿರ ಟನ್ ಅಲ್ಲವೇ? ನಮ್ಮ ಒಂದು ಜಿಲ್ಲೆಗೆ ಅದು ಒಂದೂವರೆ ದಿನದ ಕೆಲಸ. ಇಲ್ಲೊಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆಲೆಮನೆಯಲ್ಲಿ ಕಬ್ಬಿನ ರಚ್ಚು ಉರಿದ ಹೊಗೆ ಈ ಲೆಕ್ಕಕ್ಕೆ ಬರುವುದಿಲ್ಲ. ಕಬ್ಬು ಅದೇ ವರ್ಷ ಗಾಳಿಯಿಂದ ಎಳೆದುಕೊಂಡದ್ದನ್ನು ಗಾಳಿಗೆ ಹಿಂತಿರುಗಿಸುತ್ತದೆ ಅಷ್ಟೆ. ಲೆಕ್ಕಕ್ಕೆ ಬರುವುದು ನೆಲದಡಿಯಿಂದ ಅಗೆದ ಕಲ್ಲಿದ್ದಲು, ಡೀಸೆಲ್, ಪೆಟ್ರೋಲು. ಒಂದು ಲೀಟರ್ ಪೆಟ್ರೋಲು ಉರಿದರೆ 2.3 ಕೆ.ಜಿ. ಅನಿಲ. ಮತ್ತದೇ ಕುರಿಮರಿಯ ತೂಕ.

ಕರಾವಳಿಯ ಮಾತು ಇದಕ್ಕಿಂತ ಜಟಿಲ. ನಡುಗಡಲಿನ ನೀರು ನಿಧಾನ ಸ್ವಭಾವದ್ದು. ಹವಾಯಿ ದ್ವೀಪದ ಬಳಿ 1988ರಿಂದ ಬಿಡದೆ ಅಳೆಯುತ್ತ ಬಂದಿದ್ದಾರೆ. ಅಲ್ಲಿ ರಸಸಾರ ವರ್ಷಕ್ಕೆ 0.0018ರ ಆಸುಪಾಸಿನಲ್ಲಿ ಇಳಿಯುತ್ತಿದೆ. ನಮ್ಮ ಕಟ್ಟೆಯ ಲೆಕ್ಕದಲ್ಲಿ ಅದು ವರ್ಷಕ್ಕೆ 46 ಗ್ರಾಂ ಏರಿಕೆ, ಒಂದು ಹಿಡಿ ಅಕ್ಕಿಯಷ್ಟು. ಕರ್ನಾಟಕದ ಕರಾವಳಿ ಹಾಗಲ್ಲ. ಮಂಡ್ಯದಲ್ಲಿ ವರ್ಷಕ್ಕೆ 700 ಮಿ.ಮೀ. ಮಳೆಯಾದರೆ ಮಂಗಳೂರಿನಲ್ಲಿ ಮೂರೂವರೆ ಸಾವಿರ ಮಿ.ಮೀ. ದಾಟುತ್ತದೆ. ಶುದ್ಧ ಮಳೆನೀರಿನ ರಸಸಾರವೇ 5.6, ಅಂದರೆ ಸಮುದ್ರಕ್ಕಿಂತ 300 ಪಟ್ಟು ಹೆಚ್ಚು ಅಯಾನು. ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ತುಂಬಿ ಬಂದಾಗ ಅಳಿವೆಯ ನೀರು ವಾರದೊಳಗೆ ಬೇರೆಯೇ ಆಗಿಬಿಡುತ್ತದೆ.

ಅದೇ ಹೊತ್ತಿಗೆ ಕೆಳಗಿನಿಂದಲೂ ಒಂದು ನೀರು ಬರುತ್ತದೆ. ಮುಂಗಾರಿನ ಗಾಳಿ ಮತ್ತು ಸಮುದ್ರದ ಒಳಪ್ರವಾಹಗಳು ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ ನೀರನ್ನು ದಡದ ಹತ್ತಿರಕ್ಕೆ ಎಬ್ಬಿಸುತ್ತವೆ. ಆಳದಲ್ಲಿ ಸತ್ತ ಜೀವರಾಶಿ ಕೊಳೆತು ಆಮ್ಲಜನಕ ಮುಗಿದ, ಇಂಗಾಲದ ಡೈಆಕ್ಸೈಡ್ ತುಂಬಿದ ನೀರು ಅದು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಕಾಂಡೋಲಿಮ್ ಎದುರಿನ ಸಮುದ್ರದಲ್ಲಿ 1990ರ ದಶಕದ ಕೊನೆಯಿಂದ ಈ ಏರಿಳಿತವನ್ನು ಹಿಂಬಾಲಿಸುತ್ತಿದ್ದಾರೆ. ಕಾರವಾರ ಅಲ್ಲಿಂದ ದೂರವಿಲ್ಲ. ಮಳೆಗಾಲದ ಕೊನೆಯಲ್ಲಿ ತಳದ ನೀರಿನ ರಸಸಾರ 7.8ರ ಕೆಳಕ್ಕೂ ಜಾರುತ್ತದೆ. 7.8 ಎಂದರೆ ಕಟ್ಟೆಗೆ 22 ಕೆ.ಜಿ. ಇಂಗಾಲ ಉರಿಸುವುದನ್ನು ನಾವು ತಡೆಯದೆ ಹೋದರೆ ಜಗತ್ತಿನ ಸಮುದ್ರದ ಮೇಲ್ನೀರು 2100ರ ಹೊತ್ತಿಗೆ ಮುಟ್ಟಬಹುದೆಂದು ವಿಜ್ಞಾನಿಗಳು ಎಚ್ಚರಿಸುವ ಮಟ್ಟವೂ ಹೆಚ್ಚುಕಡಿಮೆ ಅದೇ. ಅಷ್ಟು ಹೊತ್ತಿಗೆ ನಮ್ಮ ಕುರಿಮರಿ ಹಾಲು ಬಿಟ್ಟು ಮೇಯಲು ಹೊರಟಿರುತ್ತದೆ: 1750ಕ್ಕಿಂತ ಹೆಚ್ಚಾದ ತೂಕ 13 ಕೆ.ಜಿ. ದಾಟಿರುತ್ತದೆ. ಬೇರೆ ಸಮುದ್ರಗಳ ಮುಂದಿನ ಶತಮಾನ ನಮ್ಮ ಕರಾವಳಿಯ ತಳಕ್ಕೆ ವರ್ಷದಲ್ಲಿ ಕೆಲವು ವಾರ ಈಗಲೇ ಬಂದು ಹೋಗುತ್ತದೆ.

ಇದರ ಮೇಲೆ ಬದುಕಿರುವವರು ಯಾರು? ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ಮಟ್ಟದ ನೀರಿಗೆ ಇಳಿದು ಬಳಚು ಆಯುತ್ತಾರೆ. ದಕ್ಷಿಣ ಕನ್ನಡದಲ್ಲಿ ಮರುವಾಯಿ ಎನ್ನುವುದೂ ಇಂಥ ಚಿಪ್ಪಿನ ಜೀವವನ್ನೇ. ಅಣೆಕಟ್ಟಿಲ್ಲದೆ ಹರಿಯುವ ಆ ನದಿಯ ಅಳಿವೆಯನ್ನು 2024ರಲ್ಲಿ ರಾಮ್ಸರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಯೆಂದು ಗುರುತಿಸಲಾಯಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಇವೆಲ್ಲ ಕಾರ್ಬೊನೇಟಿನ ಒಕ್ಕಲುಗಳು. ಇಂದಿನ ಮೇಲ್ನೀರಿನಲ್ಲಿ ಬೆಳೆದ ಚಿಪ್ಪು ತಾನಾಗಿ ಕರಗಿಹೋಗುವುದಿಲ್ಲ, ಆ ಭಯ ಬೇಡ. ಅಪಾಯ ಇರುವುದು ಎಳೆಗೂಸಿಗೆ. ಸಿಂಪಿಯ ಮರಿ ಮೊಟ್ಟೆಯೊಡೆದ ಮೊದಲ ಎರಡು ದಿನಗಳಲ್ಲಿ ತನ್ನಲ್ಲಿರುವ ಅಲ್ಪ ಶಕ್ತಿಯಿಂದಲೇ ಮೊದಲ ಚಿಪ್ಪು ಕಟ್ಟಿಕೊಳ್ಳಬೇಕು. 2007–08ರ ಸುಮಾರಿಗೆ ಅಮೆರಿಕದ ಆರೆಗಾನ್ ತೀರದ ವಿಸ್ಕಿ ಕ್ರೀಕ್ ಸಿಂಪಿ ಮರಿ ಕೇಂದ್ರದಲ್ಲಿ ಕೋಟಿಗಟ್ಟಲೆ ಮರಿಗಳು ಸತ್ತವು. ರೋಗವೆಂದುಕೊಂಡಿದ್ದರು; ಹುಡುಕಿದಾಗ ಆಳದಿಂದ ಎದ್ದುಬಂದ ರಸಸಾರ ಇಳಿದ ನೀರು ಕಾರಣವೆಂದು ತಿಳಿಯಿತು. ಆ ನೀರು ಗಾಳಿಯನ್ನು ಮುಟ್ಟಿ ಆಳಕ್ಕಿಳಿದದ್ದು ಹಲವು ದಶಕಗಳ ಹಿಂದೆ. ತೊಟ್ಟಿಯ ನೀರಿಗೆ ಸೋಡಾ (ಗೋಲಿ ಸೋಡಾ ಅಲ್ಲ, ಬಟ್ಟೆ ಸೋಡಾ) ಬೆರೆಸಿ ಅವರು ಮರಿಗಳನ್ನು ಉಳಿಸಿಕೊಂಡರು. ಅಘನಾಶಿನಿಗೆ ಸೋಡಾ ಬೆರೆಸಲಾಗುವುದಿಲ್ಲ.

ಸಮುದ್ರಕ್ಕೆ ಮದ್ದು ಇಲ್ಲವೆಂದಲ್ಲ, ಇದೆ. ಅದು ಬಂಡೂರಿನ ಹೊಲದಲ್ಲೇ ಇದೆ. ಮಳವಳ್ಳಿ ಸೀಮೆಯ ನೆಲದಡಿಯ ಬಂಡೆ 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಇಂಗಾಲದ ಡೈಆಕ್ಸೈಡ್ ಹೊತ್ತ ಮಳೆ ಆ ಬಂಡೆಯನ್ನು ಕೊರೆದು ಕೆಮ್ಮಣ್ಣು ಮಾಡುವಾಗ ಬೈಕಾರ್ಬೊನೇಟ್ ಹುಟ್ಟುತ್ತದೆ. ಅದು ಶಿಂಷಾ, ಕಾವೇರಿಯ ನೀರಲ್ಲಿ ಕರಗಿ, ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಸಮುದ್ರ ಕಳೆದುಕೊಂಡದ್ದನ್ನು ನೆಲ ಹೀಗೆ ಮರಳಿ ತುಂಬುತ್ತದೆ. ಆದರೆ ಬಂಡೆಗೆ ಅವಸರವಿಲ್ಲ. 5.6 ಕೋಟಿ ವರ್ಷಗಳ ಹಿಂದೆ ಭೂಮಿ ಒಮ್ಮೆ ಹೀಗೇ ಕಾದು ಸಮುದ್ರದ ರಸಸಾರ ಇಳಿದಿತ್ತು. ಆಫ್ರಿಕಾದ ನೈಋತ್ಯಕ್ಕೆ ಅಟ್ಲಾಂಟಿಕ್ ತಳವನ್ನು 2003ರಲ್ಲಿ ಕೊರೆದಾಗ ಬಿಳಿ ಸುಣ್ಣದ ಕೆಸರು ಇದ್ದಕ್ಕಿದ್ದಂತೆ ನಿಂತು ಕೆಂಗಂದು ಜೇಡಿಯಾದದ್ದು ಕಂಡಿತು. ಚಿಪ್ಪುಗಳೆಲ್ಲ ಕರಗಿಹೋಗಿದ್ದ ಕಾಲದ ಗುರುತು ಅದು. ಆ ಇಂಗಾಲ ಬಂದದ್ದು ಸಾವಿರಾರು ವರ್ಷಗಳಲ್ಲಿ. ಸಮುದ್ರ ಚೇತರಿಸಿಕೊಳ್ಳಲು ಒಂದು ಲಕ್ಷ ವರ್ಷಕ್ಕೂ ಹೆಚ್ಚು ಹಿಡಿಯಿತು. ನಾವು 270 ವರ್ಷಗಳಲ್ಲಿ 0.1 ಇಳಿಸಿದ್ದೇವೆ.

ಕರಾವಳಿಯಲ್ಲಿ ವರ್ಷದೊಳಗೇ 11 ಕೆ.ಜಿ. ಏರಿ ಇಳಿಯುವ ತಕ್ಕಡಿಯಲ್ಲಿ ವರ್ಷಕ್ಕೆ 46 ಗ್ರಾಂನ ಏರಿಕೆಯನ್ನು ಕಂಡುಹಿಡಿಯಬೇಕು. ಒಂದು ವರ್ಷ ಅಳೆದರೆ ಏನೂ ಕಾಣದು, ಐದು ವರ್ಷ ಅಳೆದರೂ ಅನುಮಾನವೇ. ಒಂದೇ ಜಾಗದಲ್ಲಿ, ಒಂದೇ ಕ್ರಮದಲ್ಲಿ, ಮೂವತ್ತು ವರ್ಷ ಬಿಡದೆ ಅಳೆದವರಿಗೆ ಮಾತ್ರ ಸಮುದ್ರ ಬಾಯಿ ಬಿಡುತ್ತದೆ. ಕನ್ನಂಬಾಡಿ ಕಟ್ಟೆಯ ಮಟ್ಟವನ್ನು ನಾವು ದಿನವೂ ಬರೆದಿಡುತ್ತೇವೆ, ದಿನವೂ ಪತ್ರಿಕೆಯಲ್ಲಿ ಓದುತ್ತೇವೆ. ನೂರನೇ ಒಂದು ಅಡಿಗೂ ಲೆಕ್ಕ ಕೇಳುತ್ತೇವೆ. ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಯ ಅಳಿವೆಗಳ ರಸಸಾರಕ್ಕೂ ಅದೇ ಮರ್ಯಾದೆ ಸಲ್ಲಲಿ. ಕರಾವಳಿಯ ಕಾಲೇಜುಗಳು, ಮೀನುಗಾರಿಕೆ ಇಲಾಖೆ, ಸಾಗರ ವಿಜ್ಞಾನಿಗಳು ಸೇರಿ ಆ ಅಂಕಿಯನ್ನು ದಿನವೂ ಬರೆದಿಡಲಿ, ಪತ್ರಿಕೆಗಳು ಅದನ್ನು ಕಟ್ಟೆಯ ಮಟ್ಟದ ಪಕ್ಕದಲ್ಲೇ ಅಚ್ಚು ಮಾಡಲಿ. ಮಳವಳ್ಳಿಯ ಓದುಗರು ಎರಡನ್ನೂ ಓದಲಿ.